ಹುರುಳಿ ಹಾಸಿದ ಏರಿಯ ಮೇಲೆ ಕೇಳಿದ ದನಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಕಥೆಗಳನ್ನು ನಂಬುತ್ತಿದ್ದವನಲ್ಲ. ಸಂಜೆ ಹೊತ್ತು ನಮ್ಮ ಮನೆಯ ಜಗಲಿಯಲ್ಲಿ ಕೂತು ಯಾರಾದರೂ, ಹುಣಿಸೆಮರದ ಹತ್ತಿರ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು ಎಂದರೆ, "ಮಧ್ಯಾಹ್ನ ಏನು ಉಂಡಿದ್ದೆ ಮಾರಾಯ?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದವನು ನಾನೇ. ಹಾಗೆ ಗೇಲಿ ಮಾಡಿಸಿಕೊಂಡವರಲ್ಲಿ ಬಹಳ ಜನ ಈಗಿಲ್ಲ. ಇದ್ದಿದ್ದರೆ ಇದನ್ನು ಬರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ. ನೀವೂ ಕೇಳುವ ಮೊದಲು ಹೇಳುತ್ತೇನೆ: ಆ ದಿನ ಮಧ್ಯಾಹ್ನ ನಾನು ಕಡೂರಿನ ಮಾವನ ಮನೆಯಲ್ಲಿ ಹೋಳಿಗೆ ಉಂಡಿದ್ದೆ. ನಾಲ್ಕು ಉಂಡಿದ್ದೆ. ಆದರೆ ಹೋಳಿಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ನಾನು ನಂಬದೇ ಇದ್ದ ಇನ್ನೊಂದು ಸಂಗತಿಯೂ ಇತ್ತು. ಅದು ದೆವ್ವ ಪಿಶಾಚಿಯದಲ್ಲ, ಕಾರಿನದು. ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರ ಮಾಡಿಕೊಂಡಿದ್ದ ನಾನು ತರೀಕೆರೆಯವರೊಬ್ಬರಿಂದ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡಿದ್ದೆ. ಓಡಿಸಲು ಕಲಿಸಿದವರು ಅದೇ ತರೀಕೆರೆಯ ಮುದುಕರೊಬ್ಬರು. ಘಾಟಿಯಲ್ಲಿ ಮರದ ದಿಮ್ಮಿಯ ಲಾರಿ ಓಡಿಸಿ ಹಣ್ಣಾದವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ಒಂದು ದಿನ ಹೇಳಿದರು:

"ಗಾಡಿ ಹಿಂದ್ಗಡೆ ಜಾರ್ತು ಅನ್ನು. ಬ್ರೇಕ್ ಮೇಲಿಂದ ಕಾಲು ತೆಗಿ. ಹಿಂದಿನ ಚಕ್ರ ಎತ್ಲಾಗೆ ಜಾರ್ತೋ ಸ್ಟೇರಿಂಗೂ ಅತ್ಲಾಗೇ ತಿರುಗಿಸು. ನೆಟ್ಟಗಾಗುತ್ತೆ."

"ಅತ್ಲಾಗೆ ಹಳ್ಳ ಇದ್ರೆ?"

"ಇದ್ರೂ ಅತ್ಲಾಗೇ."

"ಉಸ್ತಾದ್, ಹಳ್ಳಕ್ಕೆ ಬೀಳದಂಗೆ ಹೇಳಿಕೊಡಿ ಅಂದ್ರೆ ಬೀಳೋದು ಹೆಂಗೆ ಅಂತ ಹೇಳಿಕೊಡ್ತಿದೀರಲ್ಲ!"

ಉಸ್ತಾದ್ ನನ್ನ ಹಿಂದಲೆಗೆ ಒಂದು ತಟ್ಟಿ, "ಈ ತಲೇಲಿ ಬರೀ ಈರುಳ್ಳಿ ತುಂಬಿದೆ" ಎಂದು ಬೀಡಿ ಹಚ್ಚಿದರು. ಮಾತು ಅಲ್ಲಿಗೆ ಮುಗಿಯಿತು. ಅವರು ಹೇಳಿದ್ದು ನನ್ನ ಕಿವಿಗೆ ಹೋಯಿತೇ ಹೊರತು ಕೈಗೆ ಇಳಿಯಲಿಲ್ಲ. ಅಪಾಯ ಯಾವ ಕಡೆಗಿದೆಯೋ ಆ ಕಡೆಗೇ ತಿರುಗಿಸುವುದೆಂದರೆ ಯಾವ ಕೈ ಒಪ್ಪುತ್ತದೆ ಹೇಳಿ.

ಇನ್ನು ನಮ್ಮ ದೊಡ್ಡಪ್ಪನ ವಿಷಯ ಹೇಳಬೇಕು. ನನ್ನ ತಂದೆಯ ಅಣ್ಣ. ನನ್ನ ತಂದೆ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವನು ಅವನೇ. ಮಾತು ಅಂತ ನಾನು ಏನಾದರೂ ಕಲಿತಿದ್ದರೆ ಅವನ ತೊಡೆಯ ಮೇಲೆ ಕೂತು ಕಲಿತದ್ದು. ಹರೆಯದಲ್ಲಿ ಅವನು ಎಮ್ಮೆದೊಡ್ಡಿಯ ಕಾವಲಿನಲ್ಲಿ, ಆ ದೊಡ್ಡ ಹುಲ್ಲುಗಾವಲಿನಲ್ಲಿ, ಅಮೃತಮಹಲ್ ದನಗಳ ಹಿಂದೆ ತಿರುಗಿದವನು. ಆ ದನಗಳೋ, ಅರ್ಧ ಕಾಡುಪ್ರಾಣಿ. ಅಲ್ಲಿಂದ ಊರಿಗೆ ಬಂದ ಮೇಲೂ ಸುತ್ತಮುತ್ತಲಿನವರು ಮಾತು ಕೇಳದ ಹೋರಿಗಳನ್ನು ಪಳಗಿಸಲು ಅವನ ಹತ್ತಿರವೇ ಹಿಡಿದು ತರುತ್ತಿದ್ದರು. ಒಂದು ಸಲ ನಾನು ಚಿಕ್ಕವನಿದ್ದಾಗ ಅಂಥದೊಂದು ಹೋರಿಯ ಹಗ್ಗ ಹಿಡಿದು ನಿಂತಿದ್ದೆ. ಅದು ಕಿತ್ತುಕೊಂಡು ಓಡತೊಡಗಿತು. ನಾನು ಕಾಲೂರಿ ಹಿಂದಕ್ಕೆ ಎಳೆದೆ. ಎಳೆದಷ್ಟೂ ಅದು ನನ್ನನ್ನು ಕಲ್ಲುಮುಳ್ಳಿನ ಮೇಲೆ ದರದರನೆ ಎಳೆದುಕೊಂಡು ಹೋಯಿತು. ಆಗ ದೊಡ್ಡಪ್ಪ ದೂರದಿಂದ ಕೂಗಿದ: "ಲೇ ಕೆಂಚಾ, ಎಳೀಬ್ಯಾಡ! ಅದು ಹೋದ ಕಡೆಗೇ ಹೋಗು!" ನಾನು ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿದೆ. ಹಗ್ಗ ಸಡಿಲವಾಯಿತು. ಆಮೇಲೆ ಮೆಲ್ಲಗೆ ಸುತ್ತು ಹಾಕಿಸಿ ತಿರುಗಿಸಿದರೆ ಅದು ತಾನೇ ಬಂದು ನಿಂತಿತು.

ಕೆಂಚ ಎಂಬುದು ನನ್ನ ಹೆಸರಲ್ಲ. ಚಿಕ್ಕಂದಿನಲ್ಲಿ ನನ್ನ ಕೂದಲು ಕೆಂಚಗಿತ್ತಂತೆ. ಕಾವಲಿನಲ್ಲಿ ಅವನಿಗೆ ಪ್ರಿಯವಾಗಿದ್ದ ಒಂದು ಕರುವಿನ ಹೆಸರನ್ನು ನನಗೆ ಇಟ್ಟಿದ್ದ. ಅವನೊಬ್ಬನೇ ಹಾಗೆ ಕರೆಯುತ್ತಿದ್ದದ್ದು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾನು ಕಾರು ತಂದಾಗ ದೊಡ್ಡಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿದ.

"ಇದಕ್ಕೆ ಕಣ್ಣೆಲ್ಲಿದಾವೋ?"

"ಇವೇ ಕಣ್ಣು ದೊಡ್ಡಪ್ಪ" ಎಂದು ಮುಂದಿನ ಲೈಟು ತೋರಿಸಿದೆ.

"ಅವು ದೀಪ ಕಣೋ, ಕಣ್ಣಲ್ಲ. ನಮ್ಮೆತ್ತುಗಳಾದ್ರೆ ನಾನು ಗಾಡೀಲಿ ನಿದ್ದೆ ಹೋದ್ರೂ ಮನೆ ಮುಂದೆ ತಂದು ನಿಲ್ಲಿಸ್ತಾವೆ. ಇದು ನಿಲ್ಲಿಸುತ್ತಾ?"

"ನಿದ್ದೆ ಮಾಡೋ ಹಂಗಿಲ್ಲ."

"ಹಂಗಾದ್ರೆ ನಾನು ಹತ್ತೋ ಹಂಗೂ ಇಲ್ಲ."

ಹತ್ತಲೂ ಇಲ್ಲ. ಅದಾಗಿ ಒಂದು ವರ್ಷಕ್ಕೆ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಊರುಗೋಲು ಹಿಡಿದು ಕಾಲೆಳೆದುಕೊಂಡು ನಡೆಯುವಷ್ಟು ಚೇತರಿಸಿಕೊಂಡ. ಆದರೆ ಮಾತು ಹೋಯಿತು. ಅಷ್ಟು ಮಾತುಗಾರನಾದ ಮನುಷ್ಯ "ಊಂ" ಎಂಬ ಒಂದೇ ದನಿಯಲ್ಲಿ ಊಟ, ನೀರು, ಕೋಪ, ನಗು ಎಲ್ಲವನ್ನೂ ನಡೆಸಬೇಕಾಯಿತು. ಅವನು ಬೇಸರ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ, ಬೇಸರವೆಲ್ಲ ನಮಗೇ. ನನ್ನ ಮದುವೆ ನಡೆದದ್ದು ಇದಾದ ಮೇಲೆ. ಹಾಗಾಗಿ ನನ್ನ ಹೆಂಡತಿ ಅವನ ಮಾತನ್ನು ಒಂದು ದಿನವೂ ಕೇಳಿದವಳಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ಆ ವರ್ಷ ಮಳೆ ಚೆನ್ನಾಗಿ ಆಗಿ ನಮ್ಮೂರ ಕೆರೆ ಕೋಡಿ ಬಿದ್ದಿತ್ತು. ನಮ್ಮೂರು ಬುಕ್ಕಾಂಬುಧಿಯಿಂದ ಬಹಳ ದೂರವೇನಿಲ್ಲ. ಅಲ್ಲಿನ ಕೆರೆಯಷ್ಟು ದೊಡ್ಡದಲ್ಲದಿದ್ದರೂ ತುಂಬಿದಾಗ ನಮ್ಮದೂ ನೋಡುವಂತಿರುತ್ತದೆ. ಊರಿಗೆ ಬರುವ ರಸ್ತೆ ಆ ಕೆರೆಯ ಏರಿಯ ಮೇಲೆಯೇ. ಅದಕ್ಕೆ ಟಾರು ಬಂದು ಎರಡು ವರ್ಷವಾಗಿತ್ತು. ಟಾರು ಬಂದದ್ದೇ ತಡ, ಊರವರಿಗೆಲ್ಲ ಒಂದು ಉಪಾಯ ಹೊಳೆಯಿತು. ಕಣ ಮಾಡುವುದು, ಸಗಣಿ ಸಾರಿಸುವುದು, ಎತ್ತು ಕಟ್ಟಿ ತುಳಿಸುವುದು ಇದೆಲ್ಲ ಯಾಕೆ? ಕೊಯ್ದ ಹುರುಳಿಯನ್ನು ತಂದು ರಸ್ತೆಯ ಮೇಲೆ ಹಾಸಿದರೆ ಓಡಾಡುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ನಾವು ಹೊಟ್ಟು ತೂರಿ ಕಾಳು ತುಂಬಿಕೊಂಡರಾಯಿತು. ಈಗಲೂ ನಮ್ಮ ಕಡೆ ಹೀಗೆ ಮಾಡುತ್ತಾರೆ, ನೀವು ನೋಡಿರಬಹುದು. ದೊಡ್ಡಪ್ಪನಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. ರಸ್ತೆಯಲ್ಲಿ ಯಾರ ಹುರುಳಿ ಕಂಡರೂ "ಊಂ ಊಂ" ಎನ್ನುತ್ತಾ ಊರುಗೋಲಿನಿಂದ ಪಕ್ಕಕ್ಕೆ ತಳ್ಳುತ್ತಿದ್ದ. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ದಿನ ನಾನು ಕಡೂರಿಗೆ ಹೊರಟಿದ್ದೆ. ತವರಿನಲ್ಲಿ ಬಾಣಂತನ ಮುಗಿಸಿದ ಹೆಂಡತಿಯನ್ನೂ ಮೂರು ತಿಂಗಳ ಮಗಳನ್ನೂ ಕರೆದುಕೊಂಡು ಬರುವುದಿತ್ತು. ನನ್ನ ಸಂಭ್ರಮ ಕೇಳಬೇಡಿ. ಕಾರನ್ನು ಎರಡು ಸಲ ತೊಳೆದಿದ್ದೆ. ಹೊರಡುವಾಗ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಗಂಗಮ್ಮ ಹುರುಳಿಯನ್ನು ಎಲ್ಲಿ ಹಾಸಲಿ ಎಂದು ಕೇಳಿದಳು. "ಏರಿ ಮೇಲೆ ಹಾಸು ಗಂಗಮ್ಮ, ದಪ್ಪಗೆ ಹಾಸು. ಮಧ್ಯಾಹ್ನ ನಮ್ಮ ಕಾರೇ ಬಂದು ತುಳೀಲಿ" ಎಂದೆ. ಮಗಳು ಊರಿಗೆ ಬರುವಾಗಲೇ ಮನೆಯ ಹುರುಳಿ ಒಕ್ಕಿಕೊಂಡು ಬರಲಿ ಎಂಬುದು ನನ್ನ ಹುಡುಗಾಟ.

ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ ಇದನ್ನು ಕೇಳಿದ. ಎದ್ದು ಕಾಲೆಳೆಯುತ್ತಾ ಬಂದ. ಊರುಗೋಲಿನಿಂದ ಕಾರಿನ ಬಾಗಿಲಿಗೆ ಎರಡು ಸಲ ಬಡಿದ. ನಾನು ಬೈಯುತ್ತಾನೇನೋ ಎಂದುಕೊಂಡರೆ, ಬಾಗಿಲು ತೆರೆಸಿ ಮುಂದಿನ ಸೀಟಿನಲ್ಲಿ, ನನ್ನ ಎಡಕ್ಕೆ ಕೂತುಬಿಟ್ಟ. ಕಾರು ಬಂದ ಅಷ್ಟು ವರ್ಷದಲ್ಲಿ ಅವನು ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಆಸ್ಪತ್ರೆಗೂ ಎತ್ತಿನ ಗಾಡಿಯಲ್ಲಿ ಅಜ್ಜಂಪುರಕ್ಕೆ ಹೋಗಿ ರೈಲು ಹತ್ತಿದ್ದವನು. "ಮೊಮ್ಮಗಳನ್ನ ನೋಡೋ ಆಸೆ, ತಡೆಯೋಕಾಗ್ಲಿಲ್ಲ ನೋಡು" ಎಂದು ಅವ್ವ ನಕ್ಕಳು. ಇರಬಹುದು. ನಾನೂ ಹಾಗೇ ಅಂದುಕೊಂಡೆ.

ಕಡೂರಿನಲ್ಲಿ ಊಟವಾಯಿತು. ಮಗುವನ್ನು ದೊಡ್ಡಪ್ಪನ ಎಡತೊಡೆಯ ಮೇಲೆ ಮಲಗಿಸಿದರು. ಅವನು ಬಹಳ ಹೊತ್ತು ಅದನ್ನು ನೋಡುತ್ತಾ ಕೂತಿದ್ದ. ಹೊರಟಾಗ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು, ದೊಡ್ಡಪ್ಪ ಮತ್ತೆ ಮುಂದೆ. ಬೀರೂರು ದಾಟಿ ಅಜ್ಜಂಪುರಕ್ಕೆ ಬಂದು ನಮ್ಮೂರ ದಾರಿ ಹಿಡಿದೆವು. ಮಧ್ಯಾಹ್ನ ಮೂರೂವರೆ ಇರಬಹುದು. ಕತ್ತಲಿಲ್ಲ, ಮಂಜಿಲ್ಲ, ಬೆಳ್ಳನೆಯ ಬಿಸಿಲು. ಮನೆಯಲ್ಲಿ ಅವ್ವ ಆರತಿ ತಟ್ಟೆ ಹಿಡಿದು ಕಾಯುತ್ತಿರುತ್ತಾಳೆ ಎಂದು ನಾನು ಸ್ವಲ್ಪ ಜೋರಾಗಿಯೇ ಬರುತ್ತಿದ್ದೆ.

ಏರಿಯ ರಸ್ತೆ ನಡುವೆ ಬಲಕ್ಕೆ ಬಾಗುತ್ತದೆ. ಎಡಗಡೆ ಕೆರೆ, ಬಲಗಡೆ ತಗ್ಗಿನಲ್ಲಿ ಗದ್ದೆ. ಬಾಗಿನಲ್ಲಿ ತಿರುಗಿದೆ. ಎದುರಿಗೆ ಮೊಣಕಾಲುದ್ದ ಹುರುಳಿ, ಅದರ ನಡುವೆ ಬೆನ್ನು ತಿರುಗಿಸಿ ಬಗ್ಗಿ ಗಿಡ ಮಗುಚುತ್ತಿರುವ ಗಂಗಮ್ಮ! ಹುರುಳಿ ಹಾಸಲು ನಾನೇ ಹೇಳಿದ್ದೆ, ದಪ್ಪಗೆ ಹಾಸು ಎಂದದ್ದೂ ನಾನೇ, ಅದೆಲ್ಲವನ್ನೂ ಮರೆತು ಬಂದವನೂ ನಾನೇ. ಬ್ರೇಕನ್ನು ಎರಡೂ ಕಾಲು ಸೇರಿಸಿ ಒತ್ತಿದೆ ಅನ್ನಿಸುತ್ತದೆ.

ಚಕ್ರ ನಿಂತವು, ಕಾರು ನಿಲ್ಲಲಿಲ್ಲ. ನುಣ್ಣನೆಯ ಟಾರಿನ ಮೇಲೆ ಉದುರಿದ್ದ ಹುರುಳಿಕಾಳು ಸೈಕಲ್ಲಿನ ಬೇರಿಂಗಿನ ಗುಂಡುಗಳ ಹಾಗೆ ಉರುಳುತ್ತಿತ್ತು. ಗಂಗಮ್ಮ ಸದ್ದು ಕೇಳಿ ಬಲಬದಿಗೆ ಹಾರಿದ್ದು ಕಂಡಿತು. ಅಷ್ಟರಲ್ಲಿ ಕಾರಿನ ಹಿಂಭಾಗ ಎಡಕ್ಕೆ, ಕೆರೆಯ ಕಡೆಗೆ ಜಾರತೊಡಗಿತು. ಹೆಂಡತಿ ಮತ್ತು ಮಗು ಕೂತಿದ್ದ ಹಿಂಭಾಗ. ಏರಿಯ ಅಂಚಿನಲ್ಲಿ ಕಲ್ಲುಗಳಿದ್ದವು, ಆದರೆ ಒಂದೊಂದರ ನಡುವೆ ಒಂದು ಗಾಡಿ ನುಗ್ಗುವಷ್ಟು ಜಾಗ. ಆಚೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ನಾನು ಬ್ರೇಕು ಬಿಡಲಿಲ್ಲ. ಸ್ಟೇರಿಂಗನ್ನು ಬಲಕ್ಕೆ, ನೀರಿನಿಂದ ದೂರಕ್ಕೆ ತಿರುಚಿದೆ. ತಿರುಚಿದಷ್ಟೂ ಹಿಂಭಾಗ ಇನ್ನೂ ಜೋರಾಗಿ ನೀರಿನ ಕಡೆಗೇ ಹೋಗುತ್ತಿತ್ತು.

ಆಗ ಎಡಗಿವಿಯ ಪಕ್ಕದಲ್ಲೇ ಮಾತು ಕೇಳಿತು.

"ಲೇ ಕೆಂಚಾ, ಕಾಲು ತೆಗಿ. ಅದು ಹೋದ ಕಡೆಗೇ ಹೋಗು."

ಕೂಗಲ್ಲ, ಗಾಬರಿಯೂ ಇರಲಿಲ್ಲ. ಹಗ್ಗ ಹಿಡಿದು ನಿಂತವನಿಗೆ ಬೇಲಿಯ ಆಚೆಯಿಂದ ಹೇಳುವ ಹಾಗೆ. ಯೋಚನೆ ಮಾಡಲು ನನಗೆ ಹೊತ್ತಿರಲಿಲ್ಲ. ಕಾಲು ಬ್ರೇಕಿನಿಂದ ಎದ್ದಿತು. ಕೈ ಸ್ಟೇರಿಂಗನ್ನು ಎಡಕ್ಕೆ, ನೀರಿನ ಕಡೆಗೇ ತಿರುಗಿಸಿತು. ಒಂದು ಗಳಿಗೆ ಕಾರು ಹಗುರವಾದ ಹಾಗಾಯಿತು. ಆಮೇಲೆ ಹಿಂದಿನ ಚಕ್ರ ನೆಲ ಹಿಡಿದದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಕಾರು ನೆಟ್ಟಗಾಯಿತು, ಸ್ವಲ್ಪ ಬಲಕ್ಕೆ ವಾಲಿತು, ಸ್ಟೇರಿಂಗನ್ನು ಅತ್ತ ಒಂದಿಷ್ಟು ಬಿಟ್ಟುಕೊಟ್ಟೆ, ಮತ್ತೆ ನೆಟ್ಟಗಾಯಿತು. ಹುರುಳಿಯ ರಾಶಿಯನ್ನು ಸೀಳಿಕೊಂಡು ಇಪ್ಪತ್ತು ಮಾರು ಆಚೆ ಹೋಗಿ, ತಾನೇ ಸುಸ್ತಾಗಿ ನಿಂತಿತು. ಆ ಹಳೆಯ ಹೋರಿಯ ಹಾಗೆಯೇ.

ಇಂಜಿನ್ ಆರಿಹೋಗಿತ್ತು. ಮಗು ನಿದ್ದೆಯಲ್ಲೇ ತುಟಿ ಚಪ್ಪರಿಸುತ್ತಿತ್ತು. ನಾನು ಎಡಕ್ಕೆ ತಿರುಗಿ ನೋಡಿದೆ. ದೊಡ್ಡಪ್ಪ ಊರುಗೋಲು ಹಿಡಿದು ಎದುರಿನ ದಾರಿ ನೋಡುತ್ತಾ ಕೂತಿದ್ದ.

"ದೊಡ್ಡಪ್ಪಾ, ನೀನೇನಾ ಮಾತಾಡಿದ್ದು?"

ಅವನು ನನ್ನ ಕಡೆ ತಿರುಗಿ, ಅರ್ಧ ಬಾಯಿಯಲ್ಲಿ ನಕ್ಕು, "ಊಂ" ಎಂದ. ಹೌದು ಎಂದೋ, ಅಲ್ಲ ಎಂದೋ, ಮನೆಗೆ ನಡಿ ಎಂದೋ, ಆ ದೇವರಿಗೇ ಗೊತ್ತು.

ಗಂಗಮ್ಮ ಓಡುತ್ತಾ ಬಂದಳು. "ಏನ್ರಪ್ಪೋ ಸಣ್ಣ ಯಜಮಾನ್ರೇ, ಹುರ್ಳಿ ಒಕ್ಕೋಕೆ ಹೇಳ್ಬಿಟ್ಟು ನನ್ನೇ ಒಕ್ತಿದ್ರಲ್ಲ!" ಎಂದು ಬೈದಳು. ಕಿಟಕಿಯಲ್ಲಿ ಮಗು ಕಂಡದ್ದೇ ಬೈಗುಳ ಮರೆತು, ಒಂದು ಹಿಡಿ ಹುರುಳಿ ತಂದು ದೃಷ್ಟಿಯಾಗದಿರಲೆಂದು ಅದರ ಮುಖಕ್ಕೆ ಮೂರು ಸಲ ಇಳಿ ತೆಗೆದು ಕೆರೆಗೆ ಎಸೆದಳು.

ಆಗ ನನ್ನ ಹೆಂಡತಿ ಮೊದಲ ಬಾರಿಗೆ ಬಾಯಿ ಬಿಟ್ಟಳು.

"ರೀ, ಕೆಂಚ ಅಂದ್ರೆ ಯಾರು?"

ನನ್ನ ಮೈ ಜುಮ್ಮೆಂದದ್ದು ಕಾರು ಜಾರಿದಾಗಲ್ಲ, ಆಗ.

ನಾನು ಸುಮ್ಮನೆ ಬಿಡುವವನಲ್ಲ. ವಿಚಾರಿಸಿದೆ. ಕೆಂಚ ಎಂಬ ಹೆಸರನ್ನು ಸೊಸೆಗೆ ಎಂದಾದರೂ ಹೇಳಿದ್ದೆಯಾ ಎಂದು ಅವ್ವನನ್ನು ಕೇಳಿದೆ. "ನಂಗೇ ಮರೆತುಹೋಗಿತ್ತಲ್ಲೋ" ಎಂದಳು. ಕಡೂರಿನ ಡಾಕ್ಟರೊಬ್ಬರನ್ನು ಕೇಳಿದೆ. ಮಾತು ನಿಂತವರು ಗಾಬರಿಯಲ್ಲಿ ಒಮ್ಮೊಮ್ಮೆ ಒಂದೆರಡು ಹಳೆಯ ಮಾತು ಆಡಿಬಿಡುವುದುಂಟು, ಆಮೇಲೆ ಮತ್ತೆ ಬರುವುದಿಲ್ಲ ಎಂದರು. ನನಗೆ ಸಮಾಧಾನವಾಯಿತು. ಹಾಗಾದರೆ ದೊಡ್ಡಪ್ಪನೇ ಮಾತಾಡಿದ್ದು, ಅಷ್ಟೇ ತಾನೇ. ಆದರೆ ಆ ಮೊದಲು ಕಾರನ್ನೇ ಹತ್ತದವನಿಗೆ ಬ್ರೇಕು ಕಾಲಲ್ಲಿದೆ ಎಂದು ಹೇಗೆ ಗೊತ್ತು? ಹೋಗಲಿ, ದಾರಿಯುದ್ದಕ್ಕೂ ನೋಡಿರಬಹುದು ಎಂದುಕೊಂಡೆ.

ಆ ಸಮಾಧಾನವನ್ನೂ ಗಂಗಮ್ಮ ಉಳಿಸಲಿಲ್ಲ. ಹೊಟ್ಟು ತೂರುತ್ತಿದ್ದಾಗ ಒಂದು ದಿನ ತಾನಾಗೇ ಹೇಳಿದಳು. "ನಾನು ಬದೀಲಿ ನಿಂತು ನಿಮ್ಮ ಮುಖಾನೇ ನೋಡ್ತಿದ್ದೆ. ನೀವು ಇಷ್ಟಗಲ ಬಾಯಿ ತಕ್ಕೊಂಡಿದ್ರಿ. ದೊಡ್ಡ ಯಜಮಾನ್ರು ಮಾತ್ರ ಬಾಯಿ ಮುಚ್ಕೊಂಡು, ಹೋರಿ ಕಾಳಗ ನೋಡೋರಂಗೆ ನಗ್ತಾ ಕೂತಿದ್ರು ಕಣ್ರೀ."

ಹಾಗಾದರೆ ಬಾಯಿ ತೆರೆದಿದ್ದವನು ನಾನೊಬ್ಬನೇ. ಉಸ್ತಾದರ ಪಾಠ, ದೊಡ್ಡಪ್ಪನ ಪಾಠ ಎರಡೂ ನನ್ನೊಳಗೆ ಇದ್ದೇ ಇದ್ದವು. ಅವು ಕಲೆತು ನನ್ನ ಬಾಯಿಂದಲೇ ಬಂದವೋ ಏನೋ. ಇದನ್ನು ಹೆಂಡತಿಗೆ ಹೇಳಿದರೆ ಅವಳು ಒಪ್ಪಲಿಲ್ಲ. "ನಿಮ್ಮ ದನಿ ನಂಗೆ ಗೊತ್ತಾಗಲ್ವಾ? ನೀವು 'ಅಯ್ಯಯ್ಯೋ' ಅಂತಿದ್ರಿ. ಅದ್ರ ಮಧ್ಯದಲ್ಲೇ ಆ ದನಿ ಕೇಳ್ತು. ಯಾರೋ ವಯಸ್ಸಾದೋರು, ಸ್ವಲ್ಪ ಒಡಕು ದನಿ" ಎಂದಳು. ಒಡಕು ದನಿ! ದೊಡ್ಡಪ್ಪನ ದನಿ ಒಡಕಾಗಿತ್ತು. ಕಾವಲಿನಲ್ಲಿ ದನಗಳನ್ನು ಕೂಗಿ ಕೂಗಿ ಹಾಗಾಗಿತ್ತು ಎಂದು ಅವನೇ ಹೇಳುತ್ತಿದ್ದ.

ತರೀಕೆರೆಗೆ ಹೋದಾಗ ಉಸ್ತಾದರಿಗೂ ಹೇಳಿದೆ. ಅವರು ಪೂರ್ತಿ ಕೇಳಿ, ಬೀಡಿಯ ಬೂದಿ ಕೊಡವಿ, "ನಾನು ಹೇಳಿದಾಗ ತಲೆಗೆ ಹೋಗ್ಲಿಲ್ಲ. ಯಾರೋ ಹೇಳಿದ್ರು, ಹೋಯ್ತು. ನಂಗೇನು ಬೇಜಾರಿಲ್ಲಪ್ಪ" ಎಂದರು.

ಕಾರು ಜಾರಿದ ದಿನದ ಸಂಜೆ ನಾನು ಮಾಡಿದ ಒಂದು ಕೆಲಸ ಹೇಳುವುದು ಮರೆತೆ. ಆರತಿ ಮುಗಿದು, ಮಗು ತೊಟ್ಟಿಲು ಸೇರಿದ ಮೇಲೆ, ತಲೆಗೆ ಟವೆಲು ಸುತ್ತಿಕೊಂಡು ಏರಿಗೆ ಹೋಗಿ ಗಂಗಮ್ಮನ ಜೊತೆ ಅಷ್ಟೂ ಹುರುಳಿಯನ್ನು ಗುಡಿಸಿ ಗಾಡಿಗೆ ತುಂಬಿದೆ. ದೊಡ್ಡಪ್ಪನೂ ಬಂದಿದ್ದ. ಏರಿಯ ಕಲ್ಲಿನ ಮೇಲೆ ಕೂತು, ನಾನು ಬಿಟ್ಟ ಕಾಳುಗಳನ್ನು ಊರುಗೋಲಿನಿಂದ ತೋರಿಸುತ್ತಿದ್ದ. ಮರುದಿನ ಕಣ ಮಾಡಿ ಎತ್ತು ಕಟ್ಟಿ ತುಳಿಸಿದೆವು. ಅಂದಿನಿಂದ ನಮ್ಮ ಮನೆಯ ಹುರುಳಿ ರಸ್ತೆ ಕಂಡಿಲ್ಲ.

ಅದಾದ ಮೇಲೆ ದೊಡ್ಡಪ್ಪ ಏಳು ವರ್ಷ ಸುಖವಾಗಿ ಬದುಕಿದ. ಇನ್ನೊಂದು ಮಾತು ಆಡಲಿಲ್ಲ. ಆದರೆ ಕಾರಿನ ಸದ್ದಾದರೆ ಸಾಕು, ಬಂದು ಮುಂದೆ ಕೂರುತ್ತಿದ್ದ. ಸೋಲದ ಎಡಗೈಯನ್ನು ಎದುರಿನ ಡ್ಯಾಶ್‌ಬೋರ್ಡಿನ ತಗಡಿನ ಮೇಲೆ, ಎತ್ತಿನ ಭುಜದ ಹಿಣಿಲ ಮೇಲೆ ಇಡುವ ಹಾಗೆ ಇಟ್ಟುಕೊಳ್ಳುತ್ತಿದ್ದ. ಮೊಮ್ಮಗಳು ಸ್ವಲ್ಪ ಬೆಳೆದ ಮೇಲೆ ಅವನ ತೊಡೆಯ ಮೇಲೆ ಕೂತು ಅದೇ ತಗಡನ್ನು ಬಡಿಯುತ್ತಿದ್ದಳು. ನಾನು ಆಗಾಗ, "ಅವತ್ತು ಮಾತಾಡಿದ್ದು ನೀನೇ ಅಲ್ವಾ, ನಿಜ ಹೇಳು" ಎಂದು ಕೆಣಕುತ್ತಿದ್ದೆ. ಅವನು ಪ್ರತಿ ಸಲವೂ ಅದೇ ಅರ್ಧ ನಗು ನಕ್ಕು, ಅದೇ "ಊಂ" ಎನ್ನುತ್ತಿದ್ದ.

ಹೆಂಡತಿಗೆ ಈ ವಿಚಾರಣೆಯೆಲ್ಲ ಬೇಕಿಲ್ಲ. "ಹೇಳಿದ್ರು, ಕೇಳಿದ್ವಿ, ಮನೆಗೆ ಬಂದ್ವಿ. ಇನ್ನೇನು ಬೇಕು ನಿಮಗೆ?" ಎನ್ನುತ್ತಾಳೆ. ಬೇಕಾದ್ದೆಲ್ಲ ನನಗೆ ಸಿಕ್ಕಿದೆ, ಅದು ನಿಜ. ಯಾರು ಹೇಳಿದರು ಎಂಬುದೊಂದು ಮಾತ್ರ ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಈಗ ಬೇರೆ ಕಾರಿದೆ. ಅವಳು ಪಕ್ಕದಲ್ಲಿ ಕೂತಿದ್ದರೆ ನಾನು ಮಾಮೂಲಿನಂತೆ ಓಡಿಸುತ್ತೇನೆ. ಎಡಗಡೆಯ ಸೀಟು ಖಾಲಿಯಿದ್ದ ದಿನ, ನಮ್ಮೂರ ಏರಿ ಬಂದಾಗ, ನಿಧಾನ ಮಾಡುತ್ತೇನೆ. ಕಿಟಕಿಯ ಗಾಜು ಏರಿಸುತ್ತೇನೆ. ಗಾಳಿಯ ಸದ್ದಿನಲ್ಲಿ ಕೇಳಿಸದೆ ಹೋದೀತು ಎಂದು.